ನಡುಬೆನ್ನಿಗೆ ಎಟುಕದ ಕೈ

ಅದು 2022ನೇ ಇಸವಿ. ದೊಡ್ಡ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ಬಹಳ ವರ್ಷ ದುಡಿದು, ಸಾಕಾಗಿ ಬಿಟ್ಟು, ಜೆ.ಪಿ. ನಗರದ ಬೇಕರಿಯೊಂದರ ಮೇಲೆ ಎರಡು ಕೋಣೆಯ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಕೆಳಗಿನಿಂದ ಬನ್ನು ಬೇಯುವ ವಾಸನೆ ಬರುತ್ತಿತ್ತು. ನನ್ನ ರೋಗಿಗಳಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚು. ಪಾಪ, ಅವರಿಗೆ ಅದೊಂದು ಶಿಕ್ಷೆ. ಭುಜದ ತೊಂದರೆಯವರು ಯಾರೇ ಬರಲಿ, ನಾನು ಮೊದಲು ಕೇಳುತ್ತಿದ್ದದ್ದು, “ಕೈ ಸರಿಹೋದ್ರೆ ಯಾವ ಕೆಲಸ ಆಗ್ಬೇಕು ನಿಮಗೆ?” ಎಂದು. ಕೈ ನೂರೆಂಬತ್ತು ಡಿಗ್ರಿ ಮೇಲೇಳಬೇಕು ಎಂದು ಪುಸ್ತಕ ಹೇಳುತ್ತದೆ. ಜನಕ್ಕೆ ಡಿಗ್ರಿ ಕಟ್ಟಿಕೊಂಡು ಏನಾಗಬೇಕು? ಒಬ್ಬರಿಗೆ ಬಟ್ಟೆ ಒಣಹಾಕಬೇಕು, ಒಬ್ಬರಿಗೆ ಜಡೆ ಹೆಣೆದುಕೊಳ್ಳಬೇಕು, ಇನ್ನೊಬ್ಬರಿಗೆ ಬಸ್ಸಿನ ಕಂಬಿ ಹಿಡಿಯಬೇಕು.

ಸಂಕ್ರಾಂತಿ ಕಳೆದ ವಾರ ಪುಟ್ಟೇನಹಳ್ಳಿಯ ಮುನಿರಾಜಪ್ಪ ಬಂದರು. ಊರು ಲೇಔಟ್ ಆಗುವ ಮುಂಚಿನ ಕಾಲದವರು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರದೇ ನಾಲ್ಕಂತಸ್ತಿನ ಕಟ್ಟಡವಿದೆ. ವಯಸ್ಸು ಎಪ್ಪತ್ತರ ಹತ್ತಿರ, ಗಟ್ಟಿ ಆಳು, ಗಟ್ಟಿ ಗಂಟಲು. ಬಲಗೈ ಮಾತ್ರ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಬೆನ್ನ ಹಿಂದೆ ಕೈ ತೆಗೆದುಕೊಂಡು ಹೋಗಿ ಎಂದರೆ ಹೆಬ್ಬೆರಳು ಪ್ಯಾಂಟಿನ ಹಿಂದಿನ ಜೇಬಿನ ಹತ್ತಿರವೇ ನಿಂತುಬಿಟ್ಟಿತು, ಮುಖ ಕೆಂಪಾಯಿತು.

ಇದಕ್ಕೆ ಫ್ರೋಜನ್ ಶೋಲ್ಡರ್ ಎನ್ನುತ್ತೇವೆ. ಭುಜದ ಕೀಲಿನ ಸುತ್ತ ಇರುವ ಪೊರೆ ದಪ್ಪವಾಗಿ, ಬಿಗಿದುಕೊಂಡು, ಕೈಯನ್ನು ಯಾವ ಕಡೆಗೂ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಕಾಡುತ್ತದೆ, ಇವರಿಗೂ ಸಕ್ಕರೆ ಇತ್ತು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾಗಿ ಸಡಿಲ. ಆ ನಿಧಾನ ಎಂದರೆ ತಿಂಗಳುಗಟ್ಟಲೆ.

“ಕೈ ಸರಿಹೋದ್ರೆ ಏನು ಮಾಡ್ಬೇಕು ಯಜಮಾನ್ರೇ?”

“ಬೆನ್ನು ಉಜ್ಕಬೇಕು ಸಾರ್. ದೀಪಾವಳಿ ಹೊತ್ಗೆ.”

ನನಗೆ ನಗು ಬಂತು. ಮುನಿರಾಜಪ್ಪ ನಗಲಿಲ್ಲ. ಹೆಂಡತಿ ಜಯಮ್ಮ ತೀರಿಕೊಂಡು ಕೆಲವು ತಿಂಗಳಾಗಿತ್ತು. ಸಾವಿನ ವರ್ಷ ಹಬ್ಬ ಮಾಡುವಂತಿಲ್ಲವಾದ್ದರಿಂದ ಹೋದ ದೀಪಾವಳಿ ಹಾಗೇ ಕಳೆದಿತ್ತು. ಈ ಸಲದ್ದು ಜಯಮ್ಮ ಇಲ್ಲದೆ ಮಾಡಬೇಕಾದ ಮೊದಲ ದೀಪಾವಳಿ. ನೀರು ತುಂಬುವ ಹಬ್ಬದ ಮರುದಿನ ಬೆಳಕು ಹರಿಯುವ ಮುಂಚೆ ಮೈತುಂಬ ಹರಳೆಣ್ಣೆ ಹಚ್ಚಿಸಿಕೊಂಡು ಹಂಡೆ ನೀರು ಹುಯ್ದುಕೊಳ್ಳದೆ ಅವರಿಗೆ ಹಬ್ಬವೇ ಅಲ್ಲ. ಎಣ್ಣೆ ಹಚ್ಚುವುದು, ಸೀಗೆಪುಡಿ ಹಾಕಿ ಬೆನ್ನು ತಿಕ್ಕುವುದು ಜಯಮ್ಮನ ಕೆಲಸವಾಗಿತ್ತು.

“ಮನೇಲಿ ಬೇರೆ ಯಾರೂ ಇಲ್ವಾ?” ಎಂದೆ.

“ಬಿಲ್ಡಿಂಗ್ ತುಂಬ ಜನ ಅವ್ರೆ ಸಾರ್. ಎಲ್ಲಾ ಬಾಡಿಗೆಯೋರು, ಸಿಕ್ಕಿದ್ರೆ ಅಂಕಲ್ ನಮಸ್ತೆ ಅಂತಾರೆ. ಮಗಳು ಆನೇಕಲ್‌ನಾಗವ್ಳೆ, ದಿನಾ ಫೋನ್ ಮಾಡ್ತಾಳೆ. ಮಗಳ ಕೈಲಿ ಬೆನ್ನು ಉಜ್ಜಿಸ್ಕಳಕಾಯ್ತದಾ? ತಮ್ಮನ ಮಗ ಪಕ್ಕದ ರೋಡು. ಕರೆದ್ರೆ ಬತ್ತಾನೆ. ಬೆನ್ನು ಉಜ್ಜು ಬಾರೋ ಅಂತ ಹೆಂಗೆ ಕರೆಯೋದು ಸಾರ್? ನನ್ನ ಕೈ ನಂಗೆ ಬಂದ್ರೆ ಯಾರ ಹಂಗೂ ಬ್ಯಾಡ.”

ಚಿಕಿತ್ಸೆ ಶುರುವಾಯಿತು. ಬಿಸಿ ಶಾಖ, ಆಮೇಲೆ ನಾನು ಕೀಲನ್ನು ಹಿಡಿದು ಸಡಿಲಿಸುವುದು, ಆಮೇಲೆ ರಾಟೆಗೆ ಕಟ್ಟಿದ ಹಗ್ಗ ಎಳೆಯುವುದು. ಮನೆಗೆ ಟವಲ್ ವ್ಯಾಯಾಮ ಹೇಳಿಕೊಟ್ಟೆ. ಟವಲನ್ನು ಬೆನ್ನ ಹಿಂದೆ ಇಳಿಬಿಟ್ಟು, ಕೆಳತುದಿಯನ್ನು ನೋವಿರುವ ಕೈಯಲ್ಲಿ ಹಿಡಿದು, ಒಳ್ಳೆಯ ಕೈಯಿಂದ ಮೇಲಕ್ಕೆ ಎಳೆಯಬೇಕು. ಮುಕ್ಕಾಲು ಪಾಲು ರೋಗಿಗಳು ಮನೆಯಲ್ಲಿ ಮಾಡದೆಯೇ “ಮಾಡಿದೆ ಸಾರ್” ಎನ್ನುವವರು. ಮುನಿರಾಜಪ್ಪ ಮಾಡಬೇಡಿ ಎಂದರೂ ಮಾಡುವವರು. ಒಂದು ಸಲ ವಿಪರೀತ ಎಳೆದು ಭುಜ ಊದಿಸಿಕೊಂಡು ಬಂದಾಗ ಚೆನ್ನಾಗಿ ಬೈದೆ. “ಇದು ಎತ್ತಿನ ಗಾಡಿ ನೊಗ ಅಲ್ಲ ಯಜಮಾನ್ರೇ, ನಿಮ್ಮದೇ ಭುಜ!” ಎಂದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಸಿಕೊಂಡಿದ್ದರಿಂದ ಅವರಿಗೆ ಬೇಜಾರೇನೂ ಆದಂತಿರಲಿಲ್ಲ. ಮನೆಯಲ್ಲಿ ಬೈಯುವವರು ಇಲ್ಲವಾಗಿ ಬಹಳ ದಿನವಾಗಿತ್ತು ಎಂದು ಈಗ ಅನಿಸುತ್ತದೆ.

ಗೌರಿಹಬ್ಬದ ಹೊತ್ತಿಗೆ ಕೈ ಕಿವಿ ದಾಟಿ ಮೇಲೆದ್ದಿತು. ಸ್ಕೂಟರ್ ಓಡಿಸತೊಡಗಿದರು, ಅಟ್ಟದ ಮೇಲಿನ ಪಾತ್ರೆ ತಾವೇ ಇಳಿಸಿದರು. ಹೆಬ್ಬೆರಳು ಬೆನ್ನಮೂಳೆಯ ಯಾವ ಮಣಿಯವರೆಗೆ ಹತ್ತುತ್ತದೆ ಎಂದು ನಾವು ಅಳೆಯುತ್ತೇವೆ. ದಸರೆ ಕಳೆದಾಗ ಬಲಗೈ ಹೆಬ್ಬೆರಳು ಎಡಗೈಯಷ್ಟೇ ಎತ್ತರಕ್ಕೆ ಹೋಯಿತು. ಆ ವಯಸ್ಸಿಗೆ, ಆ ಸಕ್ಕರೆಗೆ, ಅದು ಸಖತ್ ಫಲಿತಾಂಶ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

“ಮುಗೀತು ಯಜಮಾನ್ರೇ. ಇನ್ಮೇಲೆ ಇಲ್ಲಿಗೆ ಬರಬೇಡಿ.”

ಮುನಿರಾಜಪ್ಪನವರಿಗೆ ಸಿಟ್ಟೇ ಬಂತು. “ಎಲ್ಲಿ ಮುಗೀತು ಸಾರ್? ಇಷ್ಟು ತಿಂಗಳು ಮಾಡಿ ಅರ್ಧಕ್ಕೆ ಕೈಬಿಡ್ತೀರಾ? ಇವತ್ತು ಎಣ್ಣೆ ಹಚ್ಕಂಡೇ ಬಂದಿವ್ನಿ, ನೋಡಿ ನೀವೇ!” ಎನ್ನುತ್ತ ತಿರುಗಿ ನಿಂತು ಅಂಗಿ ಮೇಲೆತ್ತಿದರು.

ಬೆನ್ನು ಹರಳೆಣ್ಣೆಯಲ್ಲಿ ಮಿಂಚುತ್ತಿತ್ತು. ಎರಡು ಹೆಗಲ ಮೂಳೆಗಳ ನಡುವೆ ಮಾತ್ರ ಅಂಗೈ ಅಗಲದ ಜಾಗ ಒಣಗಿಕೊಂಡಿತ್ತು.

“ಅಲ್ಲಿಗೆ ಎಟುಕ್ತಾನೇ ಇಲ್ಲ ಸಾರ್. ಮೇಲಿಂದ ಹಾಕಿದ್ರೂ ಇಲ್ಲ, ಕೆಳಗಿಂದ ಹಾಕಿದ್ರೂ ಇಲ್ಲ.”

“ಎಡಗೈಲಿ ಟ್ರೈ ಮಾಡಿ.”

ಮಾಡಿದರು. ಅದೂ ಅಲ್ಲಿಗೇ ನಿಂತಿತು. ಅವರು ಗಾಬರಿಯಾಗಿ ನನ್ನ ಕಡೆ ತಿರುಗಿದರು. “ಅಯ್ಯೋ! ಎಡಗೈಗೂ ಬಂದ್ಬಿಡ್ತಾ ಸಾರ್ ಕಾಯಿಲೆ?”

ಆ ಕ್ಷಣ ನನಗೆ ನಗು ತಡೆಯಲಾಗಲಿಲ್ಲ. “ಕಾಯಿಲೆಯೂ ಇಲ್ಲ, ಮಣ್ಣೂ ಇಲ್ಲ. ಇಲ್ಲಿ ನೋಡಿ” ಎಂದು ಅವರಿಗೆ ಬೆನ್ನು ತಿರುಗಿಸಿ, ನನ್ನ ಕೈಯನ್ನೇ ಹಿಂದಕ್ಕೆ ಹಾಕಿ ತೋರಿಸಿದೆ. “ನನ್ನ ಭುಜಕ್ಕೆ ಏನೂ ಆಗಿಲ್ಲ. ಆದ್ರೂ ಅಲ್ಲಿಗೆ ಬರಲ್ಲ.”

ಅವರು ಹತ್ತಿರ ಬಂದು ನನ್ನ ನಡುಬೆನ್ನಿಗೆ ಒಂದು ಬೆರಳು ಒತ್ತಿದರು. “ಇಲ್ಲಿಗೆ ಬರಲ್ವಾ?”

“ಬರಲ್ಲ.”

“ಯಾರ್ಗೂ?”

“ಯೋಗ ಮಾಡೋ ಹುಡುಗರಿಗೆ ಬೆರಳ ತುದಿ ತಾಕಬಹುದು. ಅಂಗೈ ಇಟ್ಟು ಉಜ್ಜೋಕೆ ಯಾರಿಗೂ ಆಗಲ್ಲ ಯಜಮಾನ್ರೇ. ಮನುಷ್ಯನ ಭುಜ ಇರೋದೇ ಹಾಗೆ.”

ಮುನಿರಾಜಪ್ಪ ಅಂಗಿ ಇಳಿಸಿಕೊಂಡು ಮಂಚದ ಅಂಚಿನಲ್ಲಿ ಕೂತರು. ನನ್ನ ನಗು ಅಲ್ಲೇ ಸತ್ತಿತು.

“ನಂಗೊತ್ತೇ ಇರ್ಲಿಲ್ಲ ಸಾರ್” ಎಂದರು. “ಮದ್ವೆಗೆ ಮುಂಚೆ ಅವ್ವ ಉಜ್ಜೋಳು, ಆಮೇಲೆ ಇವಳು. ನಾನು ಗದರೋನು. ಸಾಕು ಹೋಗೇ, ನಂಗೇನು ಕೈ ಇಲ್ವಾ ಅಂತ. ಅವಳು ಸುಮ್ನೆ ಉಜ್ಜಿ ಹೋಗೋಳು. ನನ್ನ ಕೈಗೆ ಎಟುಕದ ಜಾಗ ಒಂದೈತೆ ಅಂತ ಇವತ್ತು ಗೊತ್ತಾಯ್ತು ನೋಡಿ.”

ಉದ್ದ ಹಿಡಿಯ ಬ್ರಷ್ ಸಿಗುತ್ತದೆ, ಜಯನಗರದಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ ಎಂದು ಏನೋ ಬಡಬಡಿಸಿದೆ. ಅವರ ಕಿವಿಗೆ ಅದು ಬೀಳಲಿಲ್ಲ. ತಲೆಯೆತ್ತಿ ನೇರವಾಗಿ ನನ್ನನ್ನೇ ಕೇಳಿದರು:

“ಅಲ್ಲ ಸಾರ್, ಅವಳ ಬೆನ್ನು ಯಾರು ಉಜ್ತಿದ್ರು?”

ಉತ್ತರಕ್ಕೆ ಕಾಯದೆ ಅವರೇ ಹೇಳಿದರು:

“ನಾನಂತೂ ಒಂದು ದಿನಾನೂ ಉಜ್ಜಿಲ್ಲ.”

ಕಣ್ಣೊರೆಸಿಕೊಳ್ಳಲು ಕೈ ಮೇಲೆತ್ತಿದರು. ಕೈ ಸಲೀಸಾಗಿ ಎದ್ದಿತು. ಅಷ್ಟು ತಿಂಗಳು ನಾವಿಬ್ಬರೂ ಅದಕ್ಕೇ ಒದ್ದಾಡಿದ್ದು, ಆದರೂ ಆಗ ನನಗೆ ಅದನ್ನು ನೋಡಲಾಗಲಿಲ್ಲ. ಹೊರಡುವಾಗ ಮೆಟ್ಟಿಲ ಹತ್ತಿರ ನಿಲ್ಲಿಸಿ, “ಹಬ್ಬದ ಬೆಳಗ್ಗೆ ನಾನೇ ಬರ್ತೀನಿ, ಎಣ್ಣೆ ಹಚ್ತೀನಿ. ದಿನಾ ಮಾಡೋ ಕೆಲಸಾನೇ ಅಲ್ವಾ?” ಎಂದೆ. ನಿಜವಾಗಿಯೂ ಹೋಗುವ ಮನಸ್ಸಿತ್ತು.

“ಬ್ಯಾಡ ಸಾರ್. ಹಬ್ಬದ ದಿನ ನಿಮ್ಮನೇಲಿ ಮೇಡಂಗೆ ಹಚ್ಚಿ” ಎಂದು ಕಂಬಿ ಹಿಡಿದು ಇಳಿದು ಹೋದರು.

ನಮ್ಮ ವೃತ್ತಿಯಲ್ಲಿ ಸ್ವಾವಲಂಬನೆ ಎಂಬ ಮಾತನ್ನು ಉಸಿರಾಡಿದಷ್ಟು ಸಲ ಆಡುತ್ತೇವೆ. ರೋಗಿ ತನ್ನ ಕೆಲಸ ತಾನು ಮಾಡಿಕೊಂಡರೆ ನಮ್ಮ ಕೆಲಸ ಮುಗಿಯಿತು. ಪೂರ್ತಿ ಆರೋಗ್ಯವಾಗಿರುವ ಕೈಗೂ ಸ್ವಂತ ಮೈಯೇ ಪೂರ್ತಿ ಸಿಗುವುದಿಲ್ಲ, ಅಷ್ಟು ಜಾಗಕ್ಕೆ ಇನ್ನೊಬ್ಬರು ಬೇಕೇ ಬೇಕು ಎನ್ನುವುದನ್ನು ನನಗೆ ಕಲಿಸಿದವರು ಮುನಿರಾಜಪ್ಪ. ಆ ಇನ್ನೊಬ್ಬರು ಇಲ್ಲದವರಿಗೆ ಯಾವ ವ್ಯಾಯಾಮ ಹೇಳಿಕೊಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಬ್ಬದ ದಿನ ನಮ್ಮ ಮನೆಯಲ್ಲಿ ನಾನು ಎಣ್ಣೆ ಬಟ್ಟಲು ಹಿಡಿದು ಹೋದಾಗ ನನ್ನ ಹೆಂಡತಿ, “ಏನ್ರೀ, ಹುಷಾರಾಗಿದೀರಾ?” ಎಂದು ಹಣೆ ಮುಟ್ಟಿ ನೋಡಿದಳು. ಸ್ನಾನ ಮುಗಿಸಿ ಮುನಿರಾಜಪ್ಪನವರಿಗೆ ಫೋನ್ ಮಾಡಿದೆ. ಹಿಂದೆ ಟಿವಿ ಸದ್ದಿಲ್ಲ, ಪಟಾಕಿ ಸದ್ದಿಲ್ಲ.

“ಎಣ್ಣೆ ಸ್ನಾನ ಆಯ್ತಾ ಯಜಮಾನ್ರೇ?”

“ಆಯ್ತು ಸಾರ್” ಎಂದರು. “ಕೈ ಎಟುಕಿದಷ್ಟು.”