ಬೋಗುಣಿಯಲ್ಲಿ ಕೂತ ಹಲಸಿನ ಸಸಿ

ದೇವಮ್ಮಣ್ಣಿಯ ಹಲಸಿನ ಸಸಿಯನ್ನು ಕೊಂದವನು ನಾನು. ಕತ್ತಿ ಹಿಡಿಯಲಿಲ್ಲ, ಬೆರಳಿನಿಂದ ಮುಟ್ಟಲೂ ಇಲ್ಲ. ಬರೀ ಬಾಯಿಮಾತಿನಲ್ಲಿ — ಅದೂ ಹಿತವಚನದಲ್ಲಿ — ಕೊಂದೆ. ಕೊಲ್ಲುವ ಕೆಲಸವನ್ನು ಅವಳ ಕೈಯಿಂದಲೇ ಮಾಡಿಸಿದೆ. ಆಮೇಲೆ ಅವಳ ಕೈಯೇ ಸರಿಯಿಲ್ಲವೆಂದು ತೀರ್ಪನ್ನೂ ಕೊಟ್ಟೆ.

ದೇವಮ್ಮಣ್ಣಿ ನನ್ನ ತಮ್ಮ ಗುರುಸಿದ್ದನ ಹೆಂಡತಿ. ಗುರುಸಿದ್ದ ತೀರಿಕೊಂಡಾಗ ಹರವೆಯ ಪಕ್ಕದ ನಮ್ಮ ಹೊಲದಲ್ಲಿ, ರಸ್ತೆಗೆ ತಾಗಿದ ಮೂಲೆಯಲ್ಲಿ, ಅವನನ್ನು ಮಣ್ಣು ಮಾಡಿದೆವು. ನಮ್ಮವರಲ್ಲಿ ಹಾಗೇ — ಸತ್ತವರು ಸ್ವಂತ ಹೊಲದಲ್ಲೇ ಕೂರುತ್ತಾರೆ, ಮೇಲೊಂದು ಮಣ್ಣಿನ ದಿಬ್ಬ, ಅದೇ ಗದ್ದುಗೆ. ಅದರ ಮಗ್ಗುಲಲ್ಲಿ ಮರವೊಂದು ಎದ್ದರೆ ಜಾಗ ಉಳಿಯಿತು. ನೇಗಿಲಾಗಲಿ ಟ್ರಾಕ್ಟರಾಗಲಿ ಸುತ್ತಿಕೊಂಡು ಹೋಗಬೇಕು. ಮರ ಏಳದಿದ್ದರೆ ನಾಲ್ಕು ಮಳೆಗೆ ದಿಬ್ಬ ಕರಗಿ ಹೊಲವಾಗುತ್ತದೆ.

ಆ ಮೂಲೆ ನನಗೆ ಬೇಕಿತ್ತು. ಟ್ರಾಕ್ಟರಿಗೊಂದು ಶೆಡ್ಡು — ರಸ್ತೆ ಬದಿಯಲ್ಲಿ, ಹೋಗಿಬರುವವರಿಗೆ ಕಾಣುವಂತೆ. ಇಷ್ಟೇ. ಇದಕ್ಕಿಂತ ಘನವಾದ ಕಾರಣವಿದ್ದಿದ್ದರೆ ಬರೆಯುವುದಕ್ಕಾದರೂ ಕೊಂಚ ಮರ್ಯಾದೆ ಇರುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಅವಳು ಹಂಗಳದ ತವರಿನಿಂದ ಬರುತ್ತಾ ಗುಂಡ್ಲುಪೇಟೆಯಲ್ಲಿ ಇಳಿದು ಕೆಂಪು ತೊಳೆಯ ಹಲಸಿನ ಕಸಿ ಸಸಿಯೊಂದನ್ನು ಕೊಂಡು ತಂದಳು. ಗುರುಸಿದ್ದನಿಗೆ ಆ ಹಣ್ಣೆಂದರೆ ಪ್ರಾಣ. ಬಸ್ಸಿನ ಉದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು, ಸೀರೆಯೆಲ್ಲ ಕೆಮ್ಮಣ್ಣು. ನೇರ ನನ್ನ ಜಗಲಿಗೆ ತಂದು ಇಳಿಸಿದಳು.

"ಭಾವ, ಈಗ್ಲೇ ಗದ್ದುಗೆ ತಾವು ನೆಟ್ಬುಡನ?"

"ಈ ಬಿಸ್ಲಲ್ಲಾ? ಸುಟ್ಟೋಯ್ತದೆ ಕಣವ್ವ. ಭರಣಿ ಮಳೆ ಬೀಳ್ಲಿ."

ಈ ಮಾತು ನಿಜ. ನಾನು ಸುಳ್ಳನ್ನು ಶುರುಮಾಡುವುದು ಯಾವಾಗಲೂ ನಿಜದಿಂದಲೇ.

"ಅಲ್ಲೀಗಂಟ ಎಂಗ್ ನೋಡ್ಕಳದು?"

ಗಿಡಮರದ ವಿಷಯದಲ್ಲಿ ನಮ್ಮೂರಿಗೆ ನಾನೇ ಹೈಕೋರ್ಟು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಸರಿಯಾದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬೇವಿನ ನೆರಳಲ್ಲಿಡು. ಸಸಿಯ ಚೀಲದ ತಳದ ತೂತುಗಳಿಂದ ನೀರು ಬಸಿದು ಹೋಗಲಿ. ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕು. ಹಲಸಿನ ಬೇರು ಬಾಯಾರಿಕೆಯನ್ನಾದರೂ ತಡೆದೀತು, ನಿಂತ ನೀರನ್ನು ತಡೆಯದು. ಇಷ್ಟನ್ನು ಹೇಳಲು ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಡ. ನಾನು ಕಣ್ಣು ಮುಚ್ಚಿ, ಮುಹೂರ್ತ ಇಡುವ ಅಯ್ಯನವರ ಗಾಂಭೀರ್ಯದಲ್ಲಿ ಹೇಳಿದ್ದು —

"ಬೋಗುಣಿ ತುಂಬ ನೀರ್ ಮಡಗಿ, ಅದ್ರೊಳಗೆ ಚೀಲ ಕೂರ್ಸು. ಇಂಗ್ದಂಗೆಲ್ಲ ತುಂಬ್ತಾ ಇರು. ಒಂದಿನವೂ ಬತ್ಬಾರ್ದು."

ಅವಳು ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಹಿತ್ತಾಳೆ ಬೋಗುಣಿಯನ್ನೇ ತಂದು, ನಮ್ಮ ಬಾಗಿಲಿನೆದುರಿನ ತನ್ನ ಅಂಗಳದಲ್ಲಿ ಸಸಿ ಕೂರಿಸಿದಳು.

ನನ್ನ ಹೆಂಡತಿ ಗೌರಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಅಲ್ಲ ಕಣಿ, ಅದೇನ್ ಹಲಸ್ನ ಗಿಡ್ವೋ, ಎಮ್ಮೆಯೋ? ನೀರೊಳಗೆ ಮನಗ್ಸಿದ್ದೀರಲ್ಲ."

"ನೀನು ಸಾರು ನೋಡ್ಕ ಓಗು. ಉಪ್ಪಾಕದ್ ಮರ್ತಿರ್ತೀಯ."

ಅವಳು ಸಾರು ನೋಡಲು ಹೋದಳು. ನಮ್ಮ ಮನೆಯಲ್ಲಿ ವಿಚಾರಣೆಗಳು ಹೀಗೆ ಬೇಗ ಮುಗಿಯುತ್ತಿದ್ದವು.

ಕೆಲವು ದಿನಕ್ಕೆ ದೇವಮ್ಮಣ್ಣಿ ಬಂದಳು. "ಭಾವ, ಎಲೆ ಅಳ್ದಿ ಆಗವೆ ಕಣಿ. ಜೋಲ್ಬುಟ್ಟವೆ."

"ಬಾಯಾರ್ಕೆ ಕಣವ್ವ. ಇನ್ನೊಂದ್ ಬಿಂದ್ಗೆ ಉಯ್ಯಿ."

ಬೇರು ಕೊಳೆತ ಗಿಡವೂ ಬಾಯಾರಿದ ಗಿಡವೂ ಮೇಲುನೋಟಕ್ಕೆ ಒಂದೇ ಥರ — ಎರಡೂ ತಲೆ ಬಾಗಿಸುತ್ತವೆ. ಆ ಹೋಲಿಕೆಯೊಂದನ್ನೇ ನಂಬಿಕೊಂಡು ನಾನು ನನ್ನ ವೈದ್ಯ ನಡೆಸಿದೆ. ನಲ್ಲಿಯಲ್ಲಿ ನೀರು ಬಾರದ ದಿನ ಅವಳು ತನ್ನ ಸ್ನಾನದ ನೀರನ್ನು ಬೋಗುಣಿಗೆ ಸುರಿದಳು. ನಾನು ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಾ ನೋಡುತ್ತಿದ್ದೆ. ಮರುಕ ಬಂತೇ? ಬಂದಿತ್ತು ಎಂದು ಬರೆಯಲು ಆಸೆಯಾಗುತ್ತದೆ. ಬಂದಿರಲಿಲ್ಲ. ಶೆಡ್ಡಿಗೆ ತಗಡು ಹಾಕಿಸುವುದೋ, ಸಿಮೆಂಟ್ ಶೀಟೋ ಎಂದು ಯೋಚಿಸುತ್ತಿದ್ದೆ.

ಆಮೇಲೊಂದು ಬೆಳಗ್ಗೆ —

"ಭಾವ, ಮಣ್ಣು ನಾತ ಒಡೀತದೆ. ನೀರ್ನಿಂದ ಎತ್ಬುಡ್ಲಾ?"

ಇಲ್ಲೇ. ಇಲ್ಲಿ ನಾನು ಹೂಂ ಎಂದಿದ್ದರೆ ಸಾಕಿತ್ತು. ಬಾಯಿ ತೆರೆಯುವ ಶ್ರಮವೂ ಬೇಕಿರಲಿಲ್ಲ, ತಲೆ ಆಡಿಸಿದ್ದರೆ —

"ಅದು ಗೊಬ್ಬರದ ಸಾರ ಬುಡ್ತಾ ಇರದು. ಒಳ್ಳೆ ಗುರುತು ಕಣವ್ವ" ಎಂದೆ.

ಅವಳ ಮುಖ ಅರಳಿತು. ಆ ಮುಖವನ್ನು ವರ್ಣಿಸುವ ಅಧಿಕಾರ ನನಗಿಲ್ಲ.

ಭರಣಿ ಮಳೆ ಬಿತ್ತು. ನೆಂಟರೆಲ್ಲ ಗದ್ದುಗೆಯ ಬಳಿ ಸೇರಿದರು. ಎಲೆಯೆಲ್ಲ ಉದುರಿ ಬರೀ ಕಡ್ಡಿಯಾಗಿತ್ತು ಸಸಿ. ಆದರೂ ನೆಲಕ್ಕೆ ಬಿದ್ದರೆ ಚಿಗುರುತ್ತದೆಂದು ನಾನು ಭರವಸೆ ಕೊಟ್ಟಿದ್ದೆ. ಗುಂಡಿಯನ್ನೂ ನಾನೇ ತೆಗೆಸಿದ್ದೆ — ಶಾಸ್ತ್ರಕ್ಕೆ ಲೋಪ ಬರಬಾರದಲ್ಲ. ಅವಳು ಕೈಮುಗಿದು ಚೀಲ ಹರಿದಳು. ಬೇರು ಕಪ್ಪಗೆ, ನೆನೆದು ಕೊಳೆತ ಹಗ್ಗದಂತೆ ಅವಳ ಕೈಗೇ ಕಳಚಿಕೊಂಡು ಬಂತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ.

"ಕೈಗುಣ ಇಲ್ದೋರು ಗದ್ದುಗೆ ತಂಟೆಗೆ ಓಗ್ಬಾರ್ದು ಕಣವ್ವ. ಲಿಂಗೈಕ್ಯನಾದೋನ್ಗೆ ನೆಳ್ಳು ಯಾತಕ್ಕೆ?"

ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು — ಬೇರೆ ಯಾರದೋ ಕೈ ನೋಡುವಂತೆ. ಇನ್ನೊಂದು ಸಸಿ ತರುತ್ತೇನೆಂದು ಮತ್ತೆಂದೂ ಅನ್ನಲಿಲ್ಲ.

ದಿಬ್ಬ ಕರಗಿತು. ಶೆಡ್ಡು ಎದ್ದಿತು, ಸಿಮೆಂಟಿನ ನೆಲ ಸಮೇತ. ವರ್ಷಕ್ಕೊಮ್ಮೆ, ಗುರುಸಿದ್ದ ತೀರಿಕೊಂಡ ದಿನ, ಅವಳು ಹೂವು, ವಿಭೂತಿ, ಎಡೆ ಹಿಡಿದು ಶೆಡ್ಡಿನ ಬಾಗಿಲಿಗೆ ಬರುತ್ತಾಳೆ. "ಭಾವ, ಟ್ರಾಕ್ಟ್ರು ಒಸಿ ಹಿಂದಕ್ಕೆ ತಗೀರಿ" ಎನ್ನುತ್ತಾಳೆ, ತೊಂದರೆ ಕೊಟ್ಟೆನೇನೋ ಎಂಬ ಸಂಕೋಚದಲ್ಲಿ. ತೆಗೆಯುತ್ತೇನೆ. ಡೀಸೆಲ್ ಕಲೆಯನ್ನು ಬಟ್ಟೆಯಲ್ಲಿ ಒರೆಸಿ ಅಲ್ಲೇ ಎಡೆ ಇಟ್ಟು ಕೈಮುಗಿಯುತ್ತಾಳೆ. ಇದನ್ನೆಲ್ಲ ನೋಡಿಕೊಂಡು ನಾನು ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ಈ ಸಲ ಅರಿಶಿನ ನಾಟಿಗೆ ಆಳು ಸಾಲಲಿಲ್ಲ. ಕೂಲಿಯ ಹೆಂಗಸೊಬ್ಬಳು ಬದುವಿನ ಮೇಲೆ ನಿಂತಿದ್ದ ದೇವಮ್ಮಣ್ಣಿಯನ್ನು ಕೂಗಿದಳು: "ಬಾ ಕಣಕ್ಕ, ಒಂದ್ ಸಾಲು ಊರ್ಬುಡು."

"ಬ್ಯಾಡ ಕಣಮ್ಮಿ. ನಾನ್ ಮುಟ್ಟುದ್ರೆ ಮೊಳಿಯಕ್ಕಿಲ್ಲ."

ಎಷ್ಟು ಸಲೀಸಾಗಿ ಹೇಳಿದಳು — ನಂಗೆ ಸಕ್ಕರೆ ಕಾಯಿಲೆ, ಟೀ ಬ್ಯಾಡ ಅಂದಹಾಗೆ. ಅಲ್ಲಿಯವರೆಗೂ ನಾನು ಒಂದು ಗಿಡವನ್ನಷ್ಟೇ ಕೊಂದಿದ್ದೇನೆ ಎಂದುಕೊಂಡಿದ್ದೆ.

ಅಂದು ಸಂಜೆ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬೋಗುಣಿ, ನೀರು, ನಾತ, ಶೆಡ್ಡು — ಒಂದನ್ನೂ ಬಿಡದೆ. ಬೈಯುತ್ತಾಳೆಂದು ಕಾದೆ. ಅವಳು ಮಜ್ಜಿಗೆ ತಂದು ಮುಂದಿಟ್ಟಳು.

"ಸುಮ್ಕಿರಿ ಭಾವ. ನನ್ನ ಸಮಾಧಾನಕ್ಕೆ ಎಲ್ಲಾನೂವೆ ನಿಮ್ಮ ಮ್ಯಾಲ್ ಆಕ್ಕತೀರಾ? ನನ್ನ ಕೈಗುಣ ನಂಗ್ಗೊತ್ತಿಲ್ವಾ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನೀವಿರೋ ಒತ್ಗೆ ನಾನ್ ಬದ್ಕಿವ್ನಿ."

ಆ ಮಜ್ಜಿಗೆಯನ್ನು ಕುಡಿದೆ. ಕುಡಿಯದೆ ಎದ್ದಿದ್ದರೆ ಅವಳು ನೊಂದುಕೊಳ್ಳುತ್ತಿದ್ದಳು.

ಅವಳೊಬ್ಬಳಿಗೆ ಹೇಳಿದರೆ ಸಾಲದೆಂದು ಗೊತ್ತಾಯಿತು. ನೆಂಟರೆದುರು ಆಡಿದ ಮಾತನ್ನು ನೆಂಟರೆದುರೇ ನುಂಗಬೇಕು. ಈ ಸಲ ಗುರುಸಿದ್ದನ ದಿನಕ್ಕೆ ಎಲ್ಲರನ್ನೂ ಕರೆಯುತ್ತೇನೆ. ಹಾರೆ ಹಿಡಿದು ಶೆಡ್ಡಿನ ನೆಲ ಒಡೆಯುವವರನ್ನೂ. ಅವರೆದುರು ಇದನ್ನೇ ಓದುತ್ತೇನೆ. ಅವಳು ಆಗಲೂ ನಂಬದೆ ಹೋಗಬಹುದು. ಅವಳು ಸಸಿ ತಂದರೆ ನೆಡಲಿ. ತಾರದಿದ್ದರೆ ಆ ಮೂಲೆ ಬರಿದಾಗಿಯೇ ಬಿದ್ದಿರುತ್ತದೆ, ಟ್ರಾಕ್ಟರು ಬಿಸಿಲಲ್ಲಿ ನಿಂತಿರುತ್ತದೆ.