ಅಕ್ಕನ ಹಿಂದಲೆಯ ಸಿಕ್ಕು

ಜಾರ್ಜಿಯಾದ ಮೇಕನ್ ಪಟ್ಟಣದ ಓಜೆಲ್ಲಾ ನಲವತ್ತು ವರ್ಷ ತನ್ನ ಅಡುಗೆಮನೆಯಲ್ಲೇ ಓಣಿಯ ಹೆಂಗಸರಿಗೆಲ್ಲ ತಲೆ ಬಾಚಿದವಳು. ಎಷ್ಟೇ ದಟ್ಟ ಗುಂಗುರು ಕೂದಲಿದ್ದರೂ ನೀರು ಚಿಮುಕಿಸಿ, ಎಣ್ಣೆ ಸವರಿ, ತುದಿಯಿಂದ ಬುಡದವರೆಗೆ ಸಿಕ್ಕು ಬಿಡಿಸಿ ಹೆಣೆಯುತ್ತಿದ್ದಳು. ಅಕ್ಕ ಲೂರೀನಳ ತಲೆಯನ್ನು ಮಾತ್ರ ಆರು ವರ್ಷದಿಂದ ಮುಟ್ಟಿರಲಿಲ್ಲ. ತಾಯಿಯನ್ನು ಮಣ್ಣು ಮಾಡಿದ ದಿನ, "ನೀನು ಅಮ್ಮನ್ನ ನೋಡ್ಕೊಳ್ಳಲೇ ಇಲ್ಲ" ಎಂದು ನೆಂಟರೆದುರು ಅಕ್ಕನಿಗೆ ಅಂದುಬಿಟ್ಟಿದ್ದಳು. ಅಂದಿನಿಂದ ಇಬ್ಬರಿಗೂ ಮಾತು ನಿಂತಿತ್ತು.

ಈಗ ಅಕ್ಕನೇ ತೀರಿಕೊಂಡಳು. ಮಣ್ಣು ಮಾಡುವ ಮುನ್ನ ಹೆಣವನ್ನು ಸಿಂಗರಿಸುವ ಮನೆಗೆ ಓಜೆಲ್ಲಾ ಬಾಚಣಿಗೆ ಹಿಡಿದು ಹೋದಳು. ಮುಂದಲೆ ಅಚ್ಚುಕಟ್ಟಾಗಿತ್ತು. ಹಿಂದಲೆಗೆ ಕೈ ಹಾಕಿದರೆ ಕೂದಲು ಕಂಬಳಿಯಂತೆ ಗಂಟುಗಟ್ಟಿತ್ತು.

"ಇದೇನೇ ಇದು?" ಎಂದು ಅಕ್ಕನ ಮಗಳು ಡೆಲ್ಫೀನಳನ್ನು ಕೇಳಿದಳು.

"ಅಮ್ಮಂಗೆ ತೋಳು ಹಿಂದಕ್ಕೆ ಎತ್ತೋಕೇ ಆಗ್ತಿರ್ಲಿಲ್ಲ ಚಿಕ್ಕಮ್ಮ. ನಾನು ಬಿಡಿಸ್ತೀನಿ ಅಂದ್ರೆ, 'ನಿಂಗೆ ಬರಲ್ಲ ಬಿಡು, ಓಜಿ ಬರ್ತಾಳೆ' ಅಂತಿದ್ಲು."

"ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಕರೆಸ್ಕೊಂಡು ಬರೋದಲ್ಲ, ಅವಳಾಗೇ ಬರ್ಬೇಕು ಅಂದ್ಲು."

ಅಲ್ಲಿಯ ಕೆಲಸದವನು, "ಹಿಂದ್ಗಡೆ ಯಾರಿಗೂ ಕಾಣಲ್ಲ, ಕತ್ತರಿಸಿಬಿಡಿ ಅಮ್ಮ" ಅಂದ. ಓಜೆಲ್ಲಾ ಕುರ್ಚಿ ಎಳೆದುಕೊಂಡು ಕೂತು, ಮಧ್ಯಾಹ್ನವೆಲ್ಲ ಒಂದೊಂದೇ ಎಳೆ ಬಿಡಿಸಿ ಆರು ಜಡೆ ಹೆಣೆದಳು. ಬಾಚಣಿಗೆ ತೊಡರಿದಾಗಲೆಲ್ಲ ಅವಳ ಬಾಯಿಂದ, "ನೋಯ್ತೇನೇ?" ಎಂಬ ಮಾತು ತಾನಾಗಿ ಬರುತ್ತಿತ್ತು. ಡೆಲ್ಫೀನ್ ಗೋಡೆ ಕಡೆ ತಿರುಗಿ ನಿಂತಿದ್ದಳು.