ಪರ್ಷಿಯಾದ ನಾಣ್ಯಗಳನ್ನು ಓದಿ ಕೊಟ್ಟವರು

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಪರ್ಷಿಯಾದ ಹಳೆಯ ಬೆಳ್ಳಿ ನಾಣ್ಯಗಳ ಹುಚ್ಚು ಹಿಡಿದಿತ್ತು. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ, ರಾಮಕೃಷ್ಣನಗರದಲ್ಲಿ ಮನೆ. ನಾಣ್ಯಗಳನ್ನು ಹುಡುಕಿ ತರುವುದು ಗೊತ್ತಿತ್ತು. ಅವುಗಳ ಮೇಲಿನ ಬರಹದ ಒಂದಕ್ಷರವೂ ಗೊತ್ತಿರಲಿಲ್ಲ. ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂಬುದೂ ತಿಳಿಯುತ್ತಿರಲಿಲ್ಲ.

ಓದಿ ಹೇಳುತ್ತಿದ್ದವರು ಉದಯಗಿರಿಯ, ಫಾರ್ಸಿಯೂ ಬಲ್ಲ ಒಬ್ಬ ನಿವೃತ್ತ ಉರ್ದು ಮೇಷ್ಟ್ರು. ಭಾನುವಾರ ಬೆಳಿಗ್ಗೆ ಹೋದರೆ, ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರು. "ಇಲ್ಲಿ ನೋಡಿ ಸಾರ್, ಷಾ, ಅಂದ್ರೆ ದೊರೆ ಹೆಸರು. ಕೆಳಗಡೆ ನಾಣ್ಯ ಅಚ್ಚಾದ ಊರು, ಇಸ್ಫಹಾನ್. ಇಸವಿ ಸವೆದೋಗಿದೆ. ಸುಮ್ನೆ ಊಹೆ ಮಾಡಿ ಹೇಳ್ಬಾರದು." ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಆಮೇಲೆ ನಾಣ್ಯ ಸಂಗ್ರಹಿಸುವ ನಾವು ಕೆಲವರು ಸೇರಿ ಒಂದು ಛತ್ರದಲ್ಲಿ ಪ್ರದರ್ಶನ ಇಟ್ಟೆವು. ಕಾಲೇಜು ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ನಾಣ್ಯಗಳ ಪಕ್ಕ ಇಟ್ಟಿದ್ದ ವಿವರದ ಚೀಟಿಗಳನ್ನೆಲ್ಲ ನೋಡಿ, "ಈ ಅಕ್ಷರನೆಲ್ಲ ನೀವೇ ಓದಿದ್ರಾ ಸಾರ್?" ಎಂದು ಕೇಳಿದಳು.

"ಹೂಂ ಕಣಮ್ಮ. ಕಷ್ಟಪಟ್ಟು ನಾನೇ ಕಲ್ತೆ," ಎಂದೆ.

ಹೇಳಿ ತಲೆಯೆತ್ತಿದರೆ ಅವಳ ಹಿಂದೆ ಮೇಷ್ಟ್ರು ನಿಂತಿದ್ದರು. ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟಿದ್ದರು. ನಾನು ಅವರನ್ನು ಕರೆದಿರಲಿಲ್ಲ. ಪೇಪರಿನಲ್ಲಿ ನೋಡಿ ತಾವಾಗಿಯೇ ಬಂದಿದ್ದರು.

ಹುಡುಗಿ ಚೀಟಿಯಿಲ್ಲದ ನಾಣ್ಯವೊಂದನ್ನು ತೋರಿಸಿ, "ಇದು ಯಾವೂರಿಂದು?" ಎಂದಳು. ಅದು ಹಿಂದಿನ ವಾರವಷ್ಟೇ ಸಿಕ್ಕಿದ್ದು, ಮೇಷ್ಟ್ರಿಗೆ ಇನ್ನೂ ತೋರಿಸಿರಲಿಲ್ಲ. ಕೈಗೆತ್ತಿಕೊಂಡು ಹಾಗೆ ಹೀಗೆ ತಿರುಗಿಸಿದೆ.

ಮೇಷ್ಟ್ರು ಸ್ವಲ್ಪ ಬಗ್ಗಿ ನೋಡಿ, ತಾವೇ ಕಲಿಯಲು ಬಂದವರ ಹಾಗೆ ಕೇಳಿದರು: "ಸಾರ್, ಅದು ತಬ್ರೀಜ್ ಅಲ್ವಾ?"

"ಹೌದು, ತಬ್ರೀಜ್," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಸರಿಯಾಗಿ ಹೇಳಿದ್ರಿ," ಎಂದೂ ಸೇರಿಸಿಬಿಟ್ಟೆ.

ಅವರು ತಲೆಯಾಡಿಸಿ, ಉಳಿದ ಮೇಜುಗಳನ್ನೂ ನೋಡಿಕೊಂಡು ಹೊರಟುಹೋದರು.

ಮೂರು ತಿಂಗಳು ಅವರ ಮನೆಯ ಕಡೆ ತಲೆಹಾಕಲಿಲ್ಲ. ಕೊನೆಗೊಂದು ದಿನ ಹೋಗಿ, "ಅವತ್ತು ನಾನು ಹಂಗೆ ಹೇಳ್ಬಾರದಿತ್ತು," ಎಂದು ಶುರುಮಾಡಿದೆ. ಅವರು ಮುಗಿಸಲು ಬಿಡಲಿಲ್ಲ.

"ಟೀ ಕುಡೀರಿ. ಅಲ್ಲ ಸಾರ್, ಕಲೀಬೇಕು ಅಂತಿದ್ರೆ ನನ್ನನ್ನೇ ಕೇಳ್ಬೋದಿತ್ತಲ್ಲ. ಕಲಿಸ್ತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡು ವರ್ಷ ಅವರೆದುರು ಕೂತಿದ್ದರೂ, ಆ ಲಿಪಿ ಕಲಿಯಬೇಕೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಮುಂದಿನ ಪ್ರದರ್ಶನದಲ್ಲಿ ಪ್ರತಿ ಚೀಟಿಯಲ್ಲೂ ಅವರ ಹೆಸರು ಬರೆದೆ. ಮನೆಗೇ ಹೋಗಿ ಕರೆದು ಬಂದೆ. ಅವರು ಬರಲಿಲ್ಲ.